ಕಡಲೆ ಹರವಿದ ರಸ್ತೆಯಲ್ಲಿ ಜರ್ಮನಿಯ ಕಾರು

ನನ್ನ ಗೆಳೆಯನಿಗೆ ಜರ್ಮನಿಗೆ ಹೋಗಬೇಕಾಗಿತ್ತು. ಅವನು ಹೋಗದೆ ಉಳಿದದ್ದು ನನ್ನಿಂದಾಗಿ.

ಅವನು ನರಗುಂದದ ಕಡಲೆ ವ್ಯಾಪಾರಿ, ಶಾಲೆಯಲ್ಲಿ ನನ್ನ ಪಕ್ಕ ಕೂತವನು. ಜರ್ಮನಿಯ ಹಳ್ಳಿಗಾಡಿನಲ್ಲಿ ಭಾರಿ ವೇಗದ ಕಾರುಗಳನ್ನು ನಮ್ಮಂಥವರ ಕೈಗೇ ಕೊಟ್ಟು ಓಡಿಸಲು ಬಿಡುವ ಪ್ರವಾಸಗಳಿವೆಯೆಂದು ಅವನು ಮೊಬೈಲಿನಲ್ಲಿ ಕಂಡುಹಿಡಿದಿದ್ದ. ಹಸಿರು ಗುಡ್ಡ, ದ್ರಾಕ್ಷಿ ತೋಟ, ಕೆಂಪು ಹಂಚಿನ ಊರು, ಅವುಗಳ ನಡುವೆ ಹೊರಳಿಕೊಂಡು ಹೋಗುವ ನುಣ್ಣನೆಯ ರಸ್ತೆ. ಮುಂದಿನ ಕಾರಿನಲ್ಲಿ ದಾರಿ ತೋರಿಸುವವನು, ಹಿಂದೆ ಸಾಲಾಗಿ ನಾವು. ಆ ವಿಡಿಯೋವನ್ನು ನಾನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದೆ. ಅದರ ಬೆನ್ನಿಗೇ ಚಿಂತೆ ಹತ್ತಿತು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ನನ್ನ ಕೈ ರೂಢಿಯಂತೆ ಎಡಕ್ಕೆ ಎಳೆದರೆ? ಬಿಪಿ ಗುಳಿಗೆಗಳನ್ನು ವಿಮಾನ ನಿಲ್ದಾಣದಲ್ಲಿ ಕಸಿದುಕೊಂಡರೆ? ರೊಟ್ಟಿ ಇಲ್ಲದೆ ಹೊಟ್ಟೆ ಕೆಟ್ಟು, ಆ ಹೊಟ್ಟೆಯನ್ನು ಹೊತ್ತುಕೊಂಡು ಅಂಥ ಕಾರಿನಲ್ಲಿ ಕೂತರೆ? ದಿನಕ್ಕೊಂದು ಪ್ರಶ್ನೆಯಂತೆ ಮುಂಜಾನೆ ಫೋನ್ ಮಾಡಿ ಕೇಳುತ್ತ ಹೋದೆ.

“ಲೇ, ನೀ ಜರ್ಮನಿಗೆ ಬರಂಗಿಲ್ಲ ಬಿಡು,” ಎಂದ ಅವನು ಕೊನೆಗೊಂದು ದಿನ. “ಜರ್ಮನೀನ ಇಲ್ಲಿಗೆ ತರ್ತೇನಿ.”

ತಂದೇಬಿಟ್ಟ. ಪುಣೆಯಲ್ಲಿ ಯಾರೋ ಸ್ವಲ್ಪ ದಿನ ಇಟ್ಟುಕೊಂಡು ಬೇಸರವಾಗಿ ಮಾರಿದ ಕಾರು. ಎರಡೇ ಸೀಟು, ಬೂದಿ ಬಣ್ಣ, ನೆಲಕ್ಕೆ ಎದೆ ಹಚ್ಚಿ ಮಲಗಿದಂತಿತ್ತು. ಅದರ ಕಂಪನಿಯ ಹೆಸರನ್ನು ನರಗುಂದದ ಮಾರುಕಟ್ಟೆಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಿದ್ದುದರಿಂದ ಕಡೆಗೆ ಎಲ್ಲರೂ ‘ಜರ್ಮನಿ’ ಎಂದೇ ಕರೆಯತೊಡಗಿದರು. “ಜರ್ಮನಿ ಬಂತು ನೋಡ್ರಿ,” “ಜರ್ಮನಿ ಸಂತ್ಯಾಗ ಸಿಕ್ಕೊಂಡೈತಿ.” ಅಡ್ಡಹೆಸರು ಹಾಗೆಯೇ ನಿಂತಿತು.

ಆ ಕಾರು ನನಗೇಕೆ ಅಷ್ಟು ದೊಡ್ಡ ವಿಷಯವಾಯಿತು ಎನ್ನುವುದಕ್ಕೆ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ವಿಮೆ ಕಂಪನಿಗಳ ಪರವಾಗಿ, ಅಪಘಾತವಾದ ಗಾಡಿಗಳನ್ನು ನೋಡಿ ಏನೇನು ಮುರಿದಿದೆಯೆಂದು ವರದಿ ಬರೆಯುವವನು ನಾನು. ಇರುವುದು ರೋಣದಲ್ಲಿ, ನರಗುಂದ, ಗಜೇಂದ್ರಗಡಗಳ ಗ್ಯಾರೇಜುಗಳಲ್ಲೂ ನನಗಾಗಿ ಒಂದೊಂದು ಸ್ಟೂಲು ಇದೆ. ಚಿಕ್ಕಂದಿನಿಂದಲೂ ಕಾರಿನ ಹುಚ್ಚು. ಹಳೆಯ ಮ್ಯಾಗಜಿನ್ನುಗಳಿಂದ ಕಾರಿನ ಚಿತ್ರ ಕತ್ತರಿಸಿ ಪಠ್ಯಪುಸ್ತಕಕ್ಕೆ ರಟ್ಟು ಹಾಕುತ್ತಿದ್ದವನು. ಆ ಹುಚ್ಚೇ ನನ್ನನ್ನು ಈ ಕೆಲಸಕ್ಕೆ ತಂದು ಹಚ್ಚಿತು. ತಂದು ಹಚ್ಚಿದ ಮೇಲೆ ತಿಳಿಯಿತು, ನನ್ನ ಹತ್ತಿರ ಬರುವ ಕಾರುಗಳೆಲ್ಲ ಮೊದಲೇ ಎಲ್ಲಿಯೋ ಬಡಿದುಕೊಂಡು ಬಂದವು ಎಂದು. ಬಾನೆಟ್ಟು ಮಡಚಿಕೊಂಡವು, ದೀಪ ಒಡೆದು ಕುರುಡಾದವು, ಹೊಲದ ಬದುವಿನ ಮೇಲೆ ಅಂಗಾತ ಬಿದ್ದವು. ನಾನು ಕಾರುಗಳನ್ನು ಪ್ರೀತಿಸಿದೆ, ಅವು ನನಗೆ ತಮ್ಮ ಗಾಯ ತೋರಿಸಿದವು.

ಹೀಗಾಗಿ ಯಾವ ರಸ್ತೆಯನ್ನು ನೋಡಿದರೂ ನನ್ನ ಕಣ್ಣು ಅದರ ಮೇಲೆ ಅಪಘಾತದ ನಕ್ಷೆ ಬರೆಯುತ್ತದೆ. ಇಲ್ಲಿಂದ ಎಮ್ಮೆ ನುಗ್ಗುತ್ತದೆ, ಅಲ್ಲಿಂದ ಟ್ರ್ಯಾಕ್ಟರ್ ತಿರುಗುತ್ತದೆ, ಆ ಜಾಲಿಗಿಡಕ್ಕೆ ಹೋಗಿ ಗುದ್ದುತ್ತೇವೆ. ಐವತ್ತು ದಾಟಿದ ನಾನು ಸ್ಪೀಡಿನಲ್ಲಿ ಮಾತ್ರ ಎಂಬತ್ತು ದಾಟಿದವನಲ್ಲ. “ನೀವು ಗಾಡಿ ಹೊಡಿಯಾಕತ್ತಿದ್ರ ಹಿಂದಿನ ಎತ್ತಿನ ಬಂಡಿಯಾಂವ ದಾರಿ ಬಿಡ್ರಿ ಅಂತಾನ,” ಎಂದು ನನ್ನ ಹೆಂಡತಿ ನೆಂಟರೆದುರು ಹೇಳುತ್ತಾಳೆ. ನೆಂಟರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಒಳಗೊಂದು ಮುಳ್ಳು ಚುಚ್ಚುತ್ತದೆ. ನನ್ನದು ನಿಜವಾಗಿ ಕಾರಿನ ಹುಚ್ಚೋ, ಕಾರಿನ ಚಿತ್ರದ ಹುಚ್ಚೋ? ಒಂದೇ ಒಂದು ಸಲವಾದರೂ ಅಂಥದೊಂದು ಎಂಜಿನ್ನಿನ ಮೇಲೆ ಕಾಲನ್ನು ಪೂರ್ತಿ ಒತ್ತದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಒತ್ತಲು ಹೋಗಿ ಕಾಲು ಹಿಂದೆ ಸರಿದರೆ ಅದೂ ಒಂದು ಉತ್ತರವೇ. ನನಗೆ ಅದರದೇ ಹೆದರಿಕೆ.

ಗೆಳೆಯನಿಗೆ ಇದೆಲ್ಲ ಗೊತ್ತು. ಕಾರು ಬಂದ ವಾರದಲ್ಲಿ ಫೋನ್ ಮಾಡಿದ. “ಗಜೇಂದ್ರಗಡದಾಗ ಅಕ್ಕನ ಮನಿಗೆ ಊಟಕ್ಕ ಹೊಂಟೇನಿ. ನರಗುಂದಕ್ಕ ಬಾ. ನೀನ ಹೊಡಿ. ರೋಣ ದಾಟಿದ ಮ್ಯಾಲೆ ರಸ್ತಾ ನೆಟ್ಟಗ ಐತಿ. ಅಲ್ಲಿ ಒಮ್ಮಿ ಪೂರಾ ತುಳದ ಬಿಡು, ನಿನ್ನ ಜೀವಕ್ಕೂ ಸಮಾಧಾನ ಆಗಲಿ.”

“ವಿಮಾ ಐತಿಲ್ಲೋ?” ಎಂದೆ.

“ಐತೋ ಮಾರಾಯಾ. ಇಲ್ಲಂದ್ರ ನಿನ್ನ ಯಾಕ ಕರೀತಿದ್ನಿ?”

ನರಗುಂದದ ಗುಡ್ಡದ ಕೆಳಗೆ, ಅವನ ಅಂಗಡಿಯೆದುರು ನಾನು ಆ ಕಾರನ್ನು ಮೊದಲ ಬಾರಿ ನೋಡಿದೆ. ಸುತ್ತಲೂ ಹಮಾಲರು, ಗುಮಾಸ್ತರು, ಚಹಾದವನು. ಒಬ್ಬರೂ ಮುಟ್ಟಿರಲಿಲ್ಲ. ನಾನು ಬಾನೆಟ್ಟಿನಿಂದ ಶುರು ಮಾಡಿ ಒಂದು ಸುತ್ತು ಹಾಕಿದೆ. ಇಂಥ ಕಾರಿನ ಭಾಗಗಳನ್ನು ನಾನು ನೋಡಿಲ್ಲವೆಂದಲ್ಲ. ಹುಬ್ಬಳ್ಳಿಯ ಒಂದು ದೊಡ್ಡ ಗ್ಯಾರೇಜಿನಲ್ಲಿ ಇದರಂಥದೇ ಒಂದರ ಬಾಗಿಲು, ದೀಪ, ಬಂಪರುಗಳು ನೆಲದ ಮೇಲೆ ಬೇರೆ ಬೇರೆ ಬಿದ್ದಿದ್ದಾಗ ನೋಡಿದ್ದೆ. ಎಲ್ಲವೂ ತಂತಮ್ಮ ಜಾಗದಲ್ಲಿ, ಕೂದಲೆಳೆಯ ಸಂದೂ ಇಲ್ಲದೆ ಕೂಡಿಕೊಂಡಿರುವುದನ್ನು ನೋಡಿದ್ದು ಅದೇ ಮೊದಲು. ಬಾಗಿಲಿನಿಂದ ಹಿಂದಿನ ಗಾಲಿಯವರೆಗೆ ಲೋಹದ ಒಂದು ತಿರುವು ಇತ್ತು. ಬೆಳಕು ಅದರ ಮೇಲೆ ನೀರಿನಂತೆ ಇಳಿದು ಹೋಗುತ್ತಿತ್ತು. ಗಾಯವಾಗದ ಮೈ ಎಷ್ಟು ಚಂದವಿರುತ್ತದೆ ಎಂಬುದನ್ನೇ ನಾನು ಮರೆತುಬಿಟ್ಟಿದ್ದೆ.

“ಏನ್ರಿ ಸಾಹೇಬ್ರ, ಎಲ್ಲಿ ಮುರದೈತಿ?” ಎಂದು ಹಮಾಲನೊಬ್ಬ ಕೇಳಿದ. ಎಲ್ಲರೂ ನಕ್ಕರು.

ಬಾಗಿಲು ಮುಚ್ಚಿದಾಗ ಹೊರಗಿನ ಗದ್ದಲವೆಲ್ಲ ಹೊರಗೇ ನಿಂತಿತು. ಗುಂಡಿ ಒತ್ತಿದೆ. ಬೆನ್ನ ಹಿಂದೆ ಏನೋ ಒಮ್ಮೆ ಗುಡುಗಿ, ಮತ್ತೆ ತಗ್ಗಿದ ದನಿಯಲ್ಲಿ ಉಸಿರಾಡತೊಡಗಿತು. ಸೀಟಿನ ಮೂಲಕ ಅದು ನನ್ನ ಬೆನ್ನೆಲುಬಿಗೆ ಬಂತು. ಎಂಜಿನ್ನು ಹಿಂದೆ ಇದೆಯೆಂದು ಓದಿದ್ದೆ, ಚಿತ್ರದಲ್ಲಿ ನೋಡಿದ್ದೆ. ಅದು ನನ್ನ ಬೆನ್ನಿಗೇ ಮಾತಾಡುತ್ತದೆಯೆಂದು ಯಾವ ಮ್ಯಾಗಜಿನ್ನಿನಲ್ಲೂ ಬರೆದಿರಲಿಲ್ಲ.

ನರಗುಂದದಿಂದ ರೋಣದವರೆಗಿನ ಪಯಣವನ್ನು ಪಯಣವೆನ್ನಲು ನಾಚಿಕೆಯಾಗುತ್ತದೆ. ನಮ್ಮ ಕಡೆ ಪ್ರತಿ ಊರಿನವರೂ ತಮ್ಮೂರಿನ ಮುಂದೆ ತಮ್ಮದೇ ಅಳತೆಯ ಹಂಪು ಹಾಕಿಕೊಂಡಿರುತ್ತಾರೆ. ಒಂದು ಹಂಪು ಮಲಗಿದ ಎಮ್ಮೆಯಂತಿದ್ದರೆ ಇನ್ನೊಂದು ಕುಸುಬೆ ಚೀಲ ಹೂತಿಟ್ಟಂತೆ. ಜರ್ಮನಿಯ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣೂ ಇಲ್ಲ. ಪ್ರತಿ ಹಂಪಿಗೂ ಗೆಳೆಯ ಕೆಳಗಿಳಿದು, ಬಿಳಿ ಅಂಗಿಯ ಅಂಚು ಸಾವರಿಸಿಕೊಂಡು ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕಾರಿನ ಕೆಳಗೆ ಕಣ್ಣಿಟ್ಟು ಕೈಸನ್ನೆ ಮಾಡಬೇಕು. “ಬಾ… ಬಾ… ಓರೆ ಬಾ… ನಿಂದ್ರು ನಿಂದ್ರು! ಹಾಂ, ಬಾ.” ನಾನು ಓರೆಯಾಗಿ, ಒಂದೊಂದೇ ಗಾಲಿಯನ್ನು ಮಗುವಿನ ಕಾಲು ಎತ್ತಿಡುವಂತೆ ದಾಟಿಸುತ್ತಿದ್ದೆ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನನಗೆ ಮಾತ್ರ ಹಿತವಾಗಿತ್ತು. ಆ ವೇಗ ನನ್ನ ವೇಗವೇ. ರೋಣದ ತನಕವೂ ಹೀಗೇ ಹೋಗಲಿ, ಆಮೇಲೂ ಹೀಗೇ ಇರಲಿ ಎಂದು ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು.

ರೋಣ ದಾಟಿತು. ಊರಿನ ಕೊನೆಯ ಮನೆಗಳು, ಪೆಟ್ರೋಲ್ ಬಂಕು, ಅಷ್ಟೇ. ಮುಂದೆ ಎರೆಭೂಮಿ ತೆರೆದುಕೊಂಡಿತು. ಫೆಬ್ರುವರಿಯ ಬಿಸಿಲು ಬಲಿಯುತ್ತಿತ್ತು. ಕಡಲೆ ಕಿತ್ತ ಹೊಲಗಳು ಕರ್ರಗೆ, ಜೋಳ ನಿಂತ ಹೊಲಗಳು ಒಣಹುಲ್ಲಿನ ಬಣ್ಣದಲ್ಲಿ, ಎರಡಕ್ಕೂ ಅಂಚೇ ಇಲ್ಲ. ತುದಿಯಲ್ಲಿ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತು ಅವಸರವಿಲ್ಲದೆ ಕೈ ತಿರುಗಿಸುತ್ತಿದ್ದವು. ರಸ್ತೆ ಅವುಗಳ ಕಡೆಗೆ ದಾರ ಎಳೆದಂತೆ ನೆಟ್ಟಗೆ.

“ಇದ ನೋಡು ಜಾಗಾ,” ಎಂದ ಗೆಳೆಯ.

ನಾನು ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದೆ. ಅಷ್ಟರಲ್ಲಿ ಮುಂದೆ ರಸ್ತೆಯ ಬಣ್ಣವೇ ಬದಲಾದದ್ದು ಕಂಡಿತು. ಯಾರೋ ಕಡಲೆ ಹರವಿದ್ದರು. ನಿಜ ಹೇಳುತ್ತೇನೆ, ನನಗೆ ಹೋದ ಜೀವ ಬಂದಂತಾಯಿತು.

ಒಣಗಿದ ಕಡಲೆ ಗಿಡಗಳನ್ನು ಡಾಂಬರಿನ ಮೇಲೆ ಹಾಸಿಬಿಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಅದರ ಮೇಲೆ ಹಾಯುತ್ತವೆ, ಕಾಯಿ ಒಡೆದು ಕಾಳು ಉದುರುತ್ತದೆ. ಪ್ರತಿ ಗಾಡಿ ಹೋದ ಮೇಲೆ ಬದಿಯಲ್ಲಿ ನಿಂತವರು ಬಂದು ಗಿಡಗಳನ್ನು ಮಗ್ಗುಲು ಹೊರಳಿಸುತ್ತಾರೆ. ಈಗ ಯಂತ್ರಗಳು ಬಂದಿದ್ದರೂ ಸಣ್ಣ ಹಿಡುವಳಿಯವರು ಇದನ್ನು ಬಿಟ್ಟಿಲ್ಲ. ಪೊಲೀಸರು ಬೇಡವೆನ್ನುತ್ತಾರೆ, ನಾವು ಹೂಂ ಅನ್ನುತ್ತೇವೆ. ಇದರಲ್ಲಿ ಒಂದು ಮರ್ಯಾದೆಯೂ ಇದೆ. ಕಾಳಿನ ಮೇಲೆ ಹಾಯದೆ ಪಕ್ಕಕ್ಕೆ ಸರಿದು ಹೋದರೆ, ಊಟಕ್ಕೆ ಕರೆದವರ ಮನೆಯ ಮುಂದಿನಿಂದ ಮುಖ ತಿರುಗಿಸಿಕೊಂಡು ಹೋದಂತೆ.

ನಾನು ನಿಲ್ಲಿಸಿದೆ. ಹೆಂಗಸರು, ಗಂಡಸರು ಸೇರಿ ಒಂದೇ ಮನೆಯ ಒಂದಿಷ್ಟು ಜನ ಗಾಡಿಯನ್ನು ಸುತ್ತಿಕೊಂಡರು. ಅವರ ಯಜಮಾನಿ, ಹಣೆಯ ತುಂಬ ಕುಂಕುಮದ ಒಬ್ಬ ಅಜ್ಜಿ, ಗಾಲಿ ನೋಡಿ ಕಣ್ಣರಳಿಸಿದಳು.

“ಯವ್ವಾ! ಇಷ್ಟ ಅಗಲ ಗಾಲಿ ಲಾರಿಗೂ ಇರಂಗಿಲ್ಲ. ಹಾಯಿಸ್ರಿ, ಹಾಯಿಸ್ರಿ! ನಾಕ ಸಲ ಅತ್ತಾಗ ಇತ್ತಾಗ ತಿರಗ್ಯಾಡಿದ್ರ ನಮ್ಮ ರಾಶಿ ಮುಗದ ಹೋತು.” ಆಮೇಲೆ ಒಳಗೆ ಬಗ್ಗಿ ನೋಡಿ, “ಅಯ್ಯ, ನಮ್ಮ ಸಾವ್ಕಾರ್ರು!” ಎಂದಳು.

ನಾನು ಗೆಳೆಯನ ಕಿವಿಯಲ್ಲಿ ಪಿಸುಗುಟ್ಟಿದೆ. ಹೀಗೆ ರಾಶಿಯ ಮೇಲೆ ಹಾಯ್ದ ಕಾರಿನ ಅಡಿಗೆ ಒಣ ಕಡ್ಡಿ ಸಿಕ್ಕು, ಸೈಲೆನ್ಸರಿನ ಕಾವಿಗೆ ಹೊತ್ತಿಕೊಂಡು ಕಾರು ಸುಟ್ಟುಹೋದದ್ದನ್ನು ನಾನೇ ನೋಡಿ ವರದಿ ಬರೆದವನು. ಎತ್ತರದ ಕಾರಿಗೇ ಆ ಗತಿಯಾದರೆ ಇದು ನೆಲಕ್ಕೆ ಅಂಟಿಕೊಂಡದ್ದು.

“ನೀ ಹೇಳೂದು ಖರೇ ಐತಿ. ಆದ್ರ ಅಸೂಟಿ, ಸವಡಿ, ಈ ಸುತ್ತಿನ ಕಡ್ಲಿ ಎಲ್ಲಾ ನನ್ನ ಅಂಗಡಿಗೇ ಬರೂದು,” ಎಂದ ಅವನು. “ಇವರ ಕಡ್ಲಿ ಬೇಕು, ಇವರ ಕಡ್ಲಿ ಮ್ಯಾಲೆ ಹಾಯೂದು ಬ್ಯಾಡ ಅಂದ್ರ ಹ್ಯಾಂಗಲೇ? ಹಗೂರಕ ಹಾಯಿಸು. ಏನ ಆಗಂಗಿಲ್ಲ.”

ಹಾಯಿಸಿದೆ. ಜರ್ಮನಿಯ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಆ ಯಂತ್ರವನ್ನು ಎತ್ತಿನ ಹೆಜ್ಜೆಯಲ್ಲಿ ಕಡಲೆ ಒಕ್ಕಲು ಹಚ್ಚಿದೆ. ಅದು ಮುನಿಸಿಕೊಳ್ಳಲಿಲ್ಲ, ಜಗ್ಗಲಿಲ್ಲ, ಅಷ್ಟು ಮೆಲ್ಲಗೆ ಹೋಗುವುದೇ ತನ್ನ ಕಸುಬೆಂಬಂತೆ ನಡೆಯಿತು. ಗಾಲಿಯ ಕೆಳಗೆ ಕಾಯಿಗಳು ಪಟಪಟನೆ ಒಡೆಯುವುದು ಸ್ಟೇರಿಂಗಿನ ಮೂಲಕ ಬೆರಳಿಗೆ ತಾಗುತ್ತಿತ್ತು. ಒಂದೊಂದು ಕಾಳೂ ತಿಳಿಯುತ್ತಿತ್ತು. ನಾನು ಬೆರಗಾದೆ. ಇಷ್ಟು ಸೂಕ್ಷ್ಮವಾಗಿ ನೆಲವನ್ನು ಓದುವ ಗಾಡಿಯನ್ನು ಮನುಷ್ಯರು ಮಾಡಿದ್ದಾರಲ್ಲ ಎಂದುಕೊಳ್ಳುತ್ತಿರುವಾಗಲೇ ವಾಸನೆ ಬಂತು.

ಹುರಿಗಡಲೆಯ ವಾಸನೆ. ಗೆಳೆಯನ ಮೂಗಿಗೆ ಅದು ಘಮವೆನ್ನಿಸಿರಬೇಕು, “ಆಹಾ” ಎಂದ. ನಾನು ಎಂಜಿನ್ ಆರಿಸಿ ಹೊರಗೆ ಹಾರಿದೆ. ಹಿಂದಿನ ಗಾಲಿಗಳ ನಡುವಿನಿಂದ ನೂಲಿನಷ್ಟು ಹೊಗೆ ಏಳುತ್ತಿತ್ತು.

“ಬೆಂಕಿ! ಬೆಂಕಿ!” ಎಂದು ಕೂಗಿಕೊಂಡವನು ನಾನೊಬ್ಬನೇ. ಉಳಿದವರು ಕೆಲಸಕ್ಕೆ ಬಿದ್ದಿದ್ದರು. ಅಜ್ಜಿಯ ಮಗ, ನನ್ನದೇ ವಯಸ್ಸಿನ ಗಟ್ಟಿಮುಟ್ಟಾದ ಮನುಷ್ಯ, ರಸ್ತೆಯ ಮೇಲೆ ಮಲಗಿ ಕೊಕ್ಕೆಯ ಕೋಲಿನಿಂದ ಕಡ್ಡಿಗಳನ್ನು ಕಂತೆ ಕಂತೆಯಾಗಿ ಎಳೆದು ಹಾಕಿದ. ಒಬ್ಬಾಕೆ ಹೊಲದ ಮಣ್ಣು ಉಗ್ಗಿದಳು. ಅಜ್ಜಿಯ ಕೈಗೆ ನೀರಿನ ಕೊಡ ಸಿಗಲಿಲ್ಲ, ಬುತ್ತಿಯ ಜೊತೆ ತಂದಿದ್ದ ಮಜ್ಜಿಗೆಯ ಗಡಿಗೆ ಸಿಕ್ಕಿತು. ಅದನ್ನೇ ಎತ್ತಿ ಕಾರಿನ ಅಡಿಗೆ ಸುರಿದುಬಿಟ್ಟಳು. ಚುಸ್ ಎಂದು ಸದ್ದಾಗಿ ಹೊಗೆ ನಿಂತಿತು. ನಾನೂ ಮಲಗಿ ಮೊಬೈಲಿನ ಬೆಳಕು ಬಿಟ್ಟು ಮೂಲೆ ಮೂಲೆ ನೋಡಿದೆ. ಏನೂ ಸುಟ್ಟಿರಲಿಲ್ಲ. ಜರ್ಮನಿಯ ಹೊಟ್ಟೆಯಿಂದ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು, ಅದರಲ್ಲಿ ಒಂದು ಕರಿಬೇವಿನ ಎಲೆಯೂ ಇತ್ತು.

ಎದ್ದು ಅಂಗಿ ಕೊಡವಿಕೊಂಡೆ. ಅಜ್ಜಿಗೆ ತಾನು ಹೇಳಿದ್ದರಿಂದ ಹೀಗಾಯಿತೆಂದು ಬೇಜಾರು, ಆ ಬೇಜಾರು ಸಿಟ್ಟಿನ ಹಾಗೆ ಹೊರಗೆ ಬಂತು.

“ಕಡ್ಡಿ ಮ್ಯಾಲೆ ಹಾಯಾಕ ಬರಂಗಿಲ್ಲ. ಹಂಪ ದಾಟಾಕ ಬರಂಗಿಲ್ಲ. ಎರಡು ಚೀಲಾ ಇಡಾಕ ಜಾಗಾ ಇಲ್ಲ. ಸಾವ್ಕಾರ್ರ, ಮತ್ತ ಏನ ಬರತೈತ್ರಿ ಇದಕ್ಕ?”

“ಓಡಾಕ ಬರತೈತಿ, ಯವ್ವಾ.”

“ಎಷ್ಟ ಓಡತೈತಿ?”

“ಭಾಳ.”

“ಹಂಗಾರ ಓಡಿಸಿ ತೋರಿಸ್ರಿ.”

ಗೆಳೆಯ ನನ್ನ ಕಡೆ ನೋಡಿದ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ಚಿಂತೆಯವನ ಹತ್ತಿರ ನೆಪಗಳಿಗೆ ಬರವಿಲ್ಲ. ರಸ್ತೆಯ ಮೇಲೆ ಕಡಲೆ ಇದೆಯಲ್ಲ ಎಂದೆ. ಹೆಂಗಸರು ನಾಲ್ಕು ಮಾತಾಡುವಷ್ಟರಲ್ಲಿ ಗಿಡಗಳನ್ನು ಮಡಚಿ ಬದಿಗೆ ಒಟ್ಟಿದರು. ಉದುರಿದ ಕಾಳಿನ ಮೇಲೆ ಗಾಲಿ ಜಾರುತ್ತದೆ ಎಂದೆ. ಕಸಬರಿಗೆ ಬಂತು. ಮನೆಯ ಅಂಗಳದಂತೆ ಡಾಂಬರನ್ನು ಗುಡಿಸಿದರು. ಅಲ್ಲೊಂದಿಷ್ಟು ಉಳಿದಿವೆ ಎಂದೆ, ಅದನ್ನೂ ಗುಡಿಸಿದರು. ಎದುರಿನಿಂದ ಗಾಡಿ ಬಂದರೆ? ಮಗ ಕೆಂಪು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬೈಕು ಹತ್ತಿದ. “ಆ ತುದೀಗೆ ಹೋಗಿ ಎಲ್ಲಾ ನಿಂದರಸ್ತೇನ್ರಿ. ದಾರ್ಯಾಗ ದನಾ ಇದ್ರ ಹೊಲಕ್ಕ ಅಟ್ಟತೇನಿ. ಆತು ಅಂತ ಫೋನ್ ಮಾಡ್ತೇನಿ.” ಬ್ರೇಕಿಗೆ ಮಜ್ಜಿಗೆ ತಾಗಿರಬಹುದು ಎಂದೆ. “ಒಣಗೂತನಾ ಕುಂದರೂಣು,” ಎಂದಳು ಅಜ್ಜಿ, ಕೂತೇಬಿಟ್ಟಳು. ನಾನು ಬ್ರೇಕನ್ನು ಹಲವು ಸಲ ಒತ್ತಿ ನೋಡಿದೆ, ಟೈರನ್ನು ಹೆಬ್ಬೆರಳಿನಿಂದ ಅಮುಕಿದೆ, ಇನ್ನೊಮ್ಮೆ ಅಡಿಗೆ ಬಗ್ಗಿದೆ. ಎಲ್ಲ ಸರಿಯಾಗಿತ್ತು. ಫೋನ್ ಬಂತು. ದಾರಿ ಖಾಲಿ.

ಇಬ್ಬರೂ ಒಳಗೆ ಕೂತೆವು. ಗೆಳೆಯ ಸೀಟಿನ ಪಟ್ಟಿ ಬಿಗಿದುಕೊಂಡ. ಆಮೇಲೆ ಯಾರಿಗೂ ಕೇಳದಂತೆ, ನಗದೆ ಹೇಳಿದ.

“ಆಗದಿದ್ರ ಇಳಿಯೋ. ನಾ ಹೊಡೀತೇನಿ. ಮಂದಿಗೆ ಬ್ರೇಕ್ ನೋಡಾಕ ಇಳದಾನ ಅಂತ ಹೇಳ್ತೇನಿ.”

ಅವನು ಹಾಸ್ಯ ಮಾಡಿದ್ದರೆ ಚೆನ್ನಾಗಿತ್ತು. ಆ ಕರುಣೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು. ನನ್ನ ಕೈ ಬಾಗಿಲಿನ ಹಿಡಿಕೆಯ ಮೇಲೆ ಹೋಗಿತ್ತು, ಸುಳ್ಳೇಕೆ ಹೇಳಲಿ. ಹಿಡಿಕೆ ಹಿಡಿದುಕೊಂಡೇ ಮುಂದೆ ನೋಡಿದೆ. ಅಭ್ಯಾಸದಂತೆ ಕಣ್ಣು ಅಪಘಾತದ ನಕ್ಷೆ ಬರೆಯಲು ಹೊರಟಿತು. ಎಮ್ಮೆ ಎಲ್ಲಿಂದ ನುಗ್ಗುತ್ತದೆ? ಎಮ್ಮೆ ಇರಲಿಲ್ಲ. ಟ್ರ್ಯಾಕ್ಟರ್? ಇರಲಿಲ್ಲ. ಹತ್ತಿರದಲ್ಲಿ ಗುದ್ದಲು ಒಂದು ಗಿಡವೂ ಇರಲಿಲ್ಲ. ಎರಡೂ ಕಡೆ ಕರಿಯ ಹೊಲ, ಮೇಲೆ ಬಿಳಿಚಿದ ಆಕಾಶ, ನಡುವೆ ಗುಡಿಸಿಟ್ಟ ರಸ್ತೆ. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಕಣ್ಣಿಗೆ ಬರೆಯಲು ಏನೂ ಸಿಗಲಿಲ್ಲ. ಅದು ಬರೀ ರಸ್ತೆಯಾಗಿತ್ತು.

ಕೈ ತೆಗೆದೆ. ಕಾಲು ಒತ್ತಿದೆ. ಮೊದಲು ಅರ್ಧ, ಆಮೇಲೆ, ಅರ್ಧದಲ್ಲಿ ನಿಂತರೆ ಮತ್ತೆಂದೂ ಆಗುವುದಿಲ್ಲ ಎನ್ನಿಸಿ, ಪೂರ್ತಿ.

ಏನಾಯಿತೆಂದು ಹೇಳುವುದು ಹೇಗೆ? ಮೊದಲು ಸದ್ದು ಬಂತೋ ನೂಕು ಬಂತೋ ತಿಳಿಯಲಿಲ್ಲ. ದೊಡ್ಡ ಅಂಗೈಯೊಂದು ಬೆನ್ನಿಗೆ ಬಂದು ಕೂತು, ತೆಗೆಯದೆ ಒತ್ತುತ್ತಲೇ ಹೋಯಿತು. ಸಾಕು ಎನ್ನುವಷ್ಟಾದ ಮೇಲೂ ಅದರ ಹಿಂದೆ ಇನ್ನಷ್ಟು ಇತ್ತು, ಅದರ ಹಿಂದೆ ಮತ್ತಷ್ಟು. ಹಿಂದಿನ ಗುಡುಗು ಏರುತ್ತ ಏರುತ್ತ ಗುಡುಗಾಗಿ ಉಳಿಯದೆ ಒಂದು ಹಾಡಿನ ಎಳೆಯಾಯಿತು. ಪಕ್ಕದ ಹೊಲಗಳು ಹೊಲಗಳಾಗಿ ಉಳಿಯಲಿಲ್ಲ, ಎರಡು ಬಣ್ಣದ ಪಟ್ಟಿಗಳಾದವು. ದೂರದ ಗುಡ್ಡ ಮಾತ್ರ ಅಲ್ಲಾಡಲಿಲ್ಲ. ಗಾಳಿಯಂತ್ರಗಳು ಅದೇ ನಿಧಾನದಲ್ಲಿ ಕೈ ತಿರುಗಿಸುತ್ತಿದ್ದವು, ನನ್ನ ಈ ಓಟವೆಲ್ಲ ಅವುಗಳ ಒಂದು ಸುತ್ತಿನೊಳಗೆ ಮುಗಿಯುವಂಥದು ಎಂಬಂತೆ. ರಸ್ತೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಆದರೆ ಗಾಡಿ ಅದರ ಮೇಲೆ ಹೊಲಿದಿಟ್ಟಂತೆ ಕೂತಿತ್ತು. ಹಿಡಿದ ಸ್ಟೇರಿಂಗು ನಡುಗಲಿಲ್ಲ. ಹೆದರಿಕೆ ಇರಲಿಲ್ಲವೆಂದಲ್ಲ, ಇತ್ತು. ಅದಕ್ಕೆ ಕೂರಲು ಜಾಗ ಕೊಟ್ಟು ನಾನು ಓಡಿಸಿದೆ. ಕಣ್ಣಿನಲ್ಲಿ ನೀರು ಬಂತು. ಎಸಿಯ ಗಾಳಿಗೆ ಎಂದು ಆಮೇಲೆ ಹೇಳಿದೆ.

ಕೆಂಪು ಟವೆಲ್ಲು ಕಾಣಿಸಿತು. ಬ್ರೇಕ್ ಒತ್ತಿದೆ. ಅದೂ ಒಂದು ಬೆರಗು. ಅಷ್ಟು ವೇಗವನ್ನು ಆ ಗಾಡಿ ಸಿಟ್ಟಿಲ್ಲದೆ ನುಂಗಿಕೊಂಡು, ಟವೆಲ್ಲಿನಿಂದ ಬಹಳ ಈಚೆಗೇ ನಿಂತುಬಿಟ್ಟಿತು. ಉಳಿದ ದೂರವನ್ನು ನಾಚಿಕೊಂಡು ಮೆಲ್ಲಗೆ ಹೋದೆ. ಮಗನ ಹಿಂದೆ ಒಂದು ಬಸ್ಸು, ಒಂದು ಟ್ರ್ಯಾಕ್ಟರು, ಬೈಕುಗಳು. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು.

ಗೆಳೆಯ ಕಣ್ಣು ತೆರೆದ. ಅಲ್ಲಿಯವರೆಗೂ ಮುಚ್ಚಿದ್ದನೆಂದು ನನಗೆ ಆಗಲೇ ತಿಳಿದದ್ದು.

“ಎಷ್ಟ ಹೋತು?” ಎಂದ.

“ನೋಡಲಿಲ್ಲ.”

“ನಾನೂ ನೋಡಲಿಲ್ಲಲೇ.”

ಬಸ್ಸಿನ ಡ್ರೈವರು ಕೆಳಗಿಳಿದು ಬಂದ. “ಇನ್ನೂರರ ಮ್ಯಾಲೇ ಇತ್ರಿ,” ಎಂದ. “ಇಲ್ಲ ತಗೀರಿ, ನೂರಾ ಐವತ್ತ ಇರಬಹುದು,” ಎಂದ ಟ್ರ್ಯಾಕ್ಟರಿನವನು. ಅವರು ವಾದಕ್ಕೆ ಬಿದ್ದರು. ನನಗೆ ಎರಡೂ ಒಂದೇ ಆಗಿತ್ತು. ನನಗೆ ಬೇಕಾಗಿದ್ದ ಉತ್ತರ ಆ ಮೀಟರಿನಲ್ಲಿ ಇರಲಿಲ್ಲ, ಅದು ಬೆನ್ನಿನಲ್ಲಿ ಇನ್ನೂ ಬೆಚ್ಚಗಿತ್ತು.

ಅಜ್ಜಿಯ ಮಗನ ಫೋನ್ ರಿಂಗಾಯಿತು. ಅವನು ಸ್ಪೀಕರಿಗೆ ಹಾಕಿ ಕಿಟಕಿಯ ಹತ್ತಿರ ಹಿಡಿದ. ಅಜ್ಜಿ.

“ಏನ್ರೀ ಸಾವ್ಕಾರ್ರ, ಹೋತು ಹೋತು ಅನ್ನೂದ್ರಾಗ ಕಾಣಲೇ ಇಲ್ಲಲ್ರಿ! ಕಣ್ಣ ಪಿಳಕಿಸೂದ್ರಾಗ ಆ ತುದೀಗೆ ಇತ್ತು. ನಮ್ಮ ಸೊಸಿ ಅಂತೂ ಸೆರಗ ಸಾವರಿಸ್ಕೊಳ್ಳಾಕ ಹೋಗಿ ನೋಡಲೇ ಇಲ್ಲ. ಹೊಳ್ಳಿ ಹೊಡಕೊಂಡ ಬರ್ರಿ. ಕಡ್ಲಿ ಇನ್ನೂ ಹರವಿಲ್ಲ.”

ಗೆಳೆಯ, “ಇಲ್ಲ ಯವ್ವಾ, ಅಕ್ಕ ಊಟಕ್ಕ ಕಾಯಾಕತ್ತ್ಯಾಳ…” ಎಂದು ಶುರು ಮಾಡಿದ. ಅವನ ಮಾತು ಮುಗಿಯುವ ಮೊದಲೇ ನಾನು ಗಾಡಿಯನ್ನು ಹಿಂದೆ ಮುಂದೆ ಮಾಡಿ ತಿರುಗಿಸಿ ನಿಲ್ಲಿಸಿಬಿಟ್ಟಿದ್ದೆ. ಕೈ ಯಾವಾಗ ಆ ಕೆಲಸ ಮಾಡಿತೋ ನನಗೇ ಗೊತ್ತಿಲ್ಲ. ಡ್ರೈವರು, ಟ್ರ್ಯಾಕ್ಟರಿನವನು ವಾದ ಬಿಟ್ಟು ರಸ್ತೆಯ ಬದಿಗೆ ಸರಿದರು.

ಗೆಳೆಯ ನನ್ನ ಮುಖವನ್ನೇ ನೋಡಿದ. ಪಟ್ಟಿಯನ್ನು ಎಳೆದು ಬಿಗಿಯಾಗಿದೆಯೋ ಎಂದು ಪರೀಕ್ಷಿಸಿಕೊಂಡ, ಒಂದು ಕೈಯಿಂದ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಲೇ,” ಎಂದ, “ಜ್ವಾಕೀಲೆ ಹೊಡಿಯೋ.”

ಇಷ್ಟು ವರ್ಷಗಳಲ್ಲಿ, ಜೋಕೆಯಿಂದ ಓಡಿಸು ಎಂಬ ಆ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ನನಗೆ ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.